ಕನ್ನಡಕವೇ ನಮ್ಮನ್ನು ನೋಡಿದರೆ?

ವಿಆರ್, ಎಆರ್, ಎಂಆರ್, ಎಕ್ಸ್‌ಆರ್.. ಯಾವ ಅಕ್ಷರದ ಪಕ್ಕ ಬೇಕಾದರೂ ಒಂದು 'ಆರ್' ಹಚ್ಚಿಬಿಟ್ಟರೆ ಹೊಸ ತಂತ್ರಜ್ಞಾನ ಹುಟ್ಟಿಬಿಡುತ್ತೆ ಅನ್ನುವ ಹಾಗಿದೆ ಪರಿಸ್ಥಿತಿ! "ಒಂದು ಹೆಡ್‌ಸೆಟ್ ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು?" ಅಂತ ಕೇಳುವವರೂ ಈಗೀಗ ಹೆಚ್ಚಾಗಿದ್ದಾರೆ. ಚಿತ್ರ ಎಷ್ಟು ಸ್ಪಷ್ಟ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಹಾಕಿಕೊಂಡರೆ ತಲೆ ಸುತ್ತುತ್ತಾ - ಸಾಮಾನ್ಯವಾಗಿ ಇಷ್ಟೇ ಅವರ ಪ್ರಶ್ನೆಗಳು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ ಅಂತ ನನ್ನ ಅಭಿಪ್ರಾಯ. ಈ ಕನ್ನಡಕ ನನ್ನ ಬಗ್ಗೆ ಏನೇನನ್ನು ಅಳೆಯುತ್ತೆ? ಅಳೆದದ್ದನ್ನು ಎಲ್ಲಿ ಇಡುತ್ತೆ?

ಯಾಕೆ ಹೀಗೆ ಹೇಳ್ತಿದೀನಿ ಅನ್ನೋದು ಅರ್ಥವಾಗಬೇಕಾದರೆ ಈ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋದನ್ನು ಸ್ವಲ್ಪ ತಿಳ್ಕೋಬೇಕು. ಗಾಬರಿ ಬೇಡ, ಗಣಿತ ಇಲ್ಲ :)

ಎರಡು ಕಣ್ಣು, ಎರಡು ಚಿತ್ರ

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಬಲಗಣ್ಣಿಗೆ ಕಾಣುವ ಚಿತ್ರಕ್ಕೂ ಎಡಗಣ್ಣಿಗೆ ಕಾಣುವ ಚಿತ್ರಕ್ಕೂ ಚೂರು ವ್ಯತ್ಯಾಸ. ಮೆದುಳು ಈ ವ್ಯತ್ಯಾಸದಿಂದಲೇ ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕುತ್ತೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಇದನ್ನು ವಿವರಿಸಿ, ಎರಡು ಕಣ್ಣಿಗೆ ಎರಡು ಬೇರೆ ಬೇರೆ ಚಿತ್ರ ತೋರಿಸುವ ಸ್ಟೀರಿಯೋಸ್ಕೋಪ್ ಎಂಬ ಸಾಧನವನ್ನೂ ತೋರಿಸಿದ. ಚಪ್ಪಟೆ ಚಿತ್ರಗಳೇ, ಆದರೆ ನೋಡಿದವರಿಗೆ ಆಳ ಕಾಣುತ್ತಿತ್ತು. ಮಕ್ಕಳು ಕಣ್ಣಿಗೆ ಹಿಡಿದು ಟಕ್ ಟಕ್ ಅಂತ ಚಿತ್ರ ಬದಲಿಸುತ್ತಿದ್ದ ವ್ಯೂ-ಮಾಸ್ಟರ್ ಡಬ್ಬಿ ಇದರದ್ದೇ ಮೊಮ್ಮಗ.

ಆದರೆ ವ್ಯೂ-ಮಾಸ್ಟರ್ ಹಿಡಿದು ತಲೆ ತಿರುಗಿಸಿದರೆ ಏನಾಗುತ್ತೆ? ಚಿತ್ರವೂ ಜೊತೆಗೇ ತಿರುಗುತ್ತೆ. ನಿಮ್ಮ ಪಾಡಿಗೆ ನೀವು, ಚಿತ್ರದ ಪಾಡಿಗೆ ಚಿತ್ರ. ವರ್ಚುಯಲ್ ರಿಯಾಲಿಟಿ ಬೇರೆಯಾಗೋದು ಇಲ್ಲೇ. ನೀವು ಎಡಕ್ಕೆ ತಿರುಗಿದರೆ ಅಲ್ಲಿನ ಎಡಭಾಗ ಕಾಣಬೇಕು. ಬಗ್ಗಿದರೆ ಮೇಜಿನ ಅಡಿ ಕಾಣಬೇಕು. ಅಂದರೆ ಯಂತ್ರಕ್ಕೆ ನಿಮ್ಮ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಅನ್ನೋದು ಪ್ರತಿ ಕ್ಷಣ ಗೊತ್ತಿರಬೇಕು.

1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಇದನ್ನು ಮೊದಲ ಬಾರಿಗೆ ಕಂಪ್ಯೂಟರ್ ಬಳಸಿ ಮಾಡಿ ತೋರಿಸಿದರು. ತಲೆಗೆ ಕಟ್ಟುವ ಆ ಸಾಧನ ಚಾವಣಿಯಿಂದ ಒಂದು ಕಂಬದ ಮೂಲಕ ತೂಗಾಡುತ್ತಿತ್ತು. ತಲೆಯ ಮೇಲೆ ತೂಗುವ ಕತ್ತಿಯ ಗ್ರೀಕ್ ಕಥೆ ನೆನಪಿಸಿಕೊಂಡು ಅದಕ್ಕೆ 'ಡಮೋಕ್ಲಿಸನ ಕತ್ತಿ' ಅಂತ ಅಡ್ಡಹೆಸರೂ ಬಂತು. ಕಾಣಿಸುತ್ತಿದ್ದದ್ದು ಬರೀ ಗೆರೆಗಳಲ್ಲಿ ಬರೆದ ಘನಾಕೃತಿಯಂಥ ಚಿತ್ರಗಳು. ಕುತೂಹಲದ ವಿಷಯ ಅಂದರೆ, ಆ ಕಂಬ ಇದ್ದದ್ದು ಭಾರ ಹೊರೋದಕ್ಕೆ ಮಾತ್ರ ಅಲ್ಲ. ತಲೆ ಎಷ್ಟು ತಿರುಗಿತು, ಎಷ್ಟು ಸರಿಯಿತು ಅಂತ ಅಳೆಯೋದೂ ಅದರ ಕೆಲಸ. ತೋರಿಸುವುದಕ್ಕೆ ಮೊದಲು ಅಳೆಯಬೇಕು. ಮೊದಲ ದಿನದಿಂದ ಇವತ್ತಿನ ತನಕ ಈ ತಂತ್ರಜ್ಞಾನದ ಮೂಲ ನಿಯಮ ಇದೇ.

ಕಿಟಕಿ ಮುಚ್ಚೋದು, ಕಿಟಕಿ ಗಾಜಿನ ಮೇಲೆ ಬರೆಯೋದು

ವಿಆರ್ ಮತ್ತು ಎಆರ್ ನಡುವಿನ ವ್ಯತ್ಯಾಸ ಬಹಳ ಸರಳ. ಕಿಟಕಿಯನ್ನು ಪೂರ್ತಿ ಮುಚ್ಚಿ, ಆ ಜಾಗದಲ್ಲಿ ಬೇರೊಂದು ಲೋಕ ತೋರಿಸಿದರೆ ಅದು ವರ್ಚುಯಲ್ ರಿಯಾಲಿಟಿ. ಕಿಟಕಿ ತೆರೆದೇ ಇಟ್ಟು, ಅದರ ಗಾಜಿನ ಮೇಲೆ ಏನಾದರೂ ಬರೆದರೆ ಅದು ಆಗ್ಮೆಂಟೆಡ್ ರಿಯಾಲಿಟಿ. ಈ ಎರಡನೇ ಹೆಸರು ಚಾಲ್ತಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಅವರಿಂದ. ವಿಮಾನದ ವೈರುಗಳನ್ನು ಜೋಡಿಸುವ ಕೆಲಸಗಾರರಿಗೆ ಯಾವ ವೈರು ಎಲ್ಲಿ ಹೋಗಬೇಕು ಅಂತ ಕಣ್ಣೆದುರೇ ತೋರಿಸಬೇಕಿತ್ತು, ಅಷ್ಟೇ. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫ್ಯೂಮಿಯೋ ಕಿಶಿನೋ ಇವೆರಡನ್ನೂ ಒಂದೇ ಹಗ್ಗದ ಮೇಲೆ ಕೂರಿಸಿದರು. ಹಗ್ಗದ ಒಂದು ತುದಿ ನಿಜವಾದ ಜಗತ್ತು, ಇನ್ನೊಂದು ತುದಿ ಪೂರ್ತಿ ಕೃತಕ ಜಗತ್ತು, ಮಧ್ಯದಲ್ಲಿರೋದೆಲ್ಲ ಮಿಶ್ರಣ. ಈಗ ಎಕ್ಸ್‌ಆರ್ ಅಂತ ಕರೆಯೋದು ಈ ಇಡೀ ಹಗ್ಗವನ್ನು.

ಎಆರ್ ಅಂದರೆ ದುಬಾರಿ ಕನ್ನಡಕವೇ ಆಗಬೇಕಿಲ್ಲ. 2016ರಲ್ಲಿ ಜನ ರಸ್ತೆ ರಸ್ತೆಯಲ್ಲಿ ಫೋನ್ ಹಿಡಿದು ಹುಡುಕುತ್ತಿದ್ದ ಪೋಕೆಮಾನ್ ಗೋ ನೆನಪಿದೆಯಲ್ಲ? ಅದೂ ಇದೇ ಜಾತಿ. ಕ್ಯಾಮೆರಾ ಮುಂದೆ ಹಿಡಿದರೆ ಬೋರ್ಡಿನ ಮೇಲಿನ ಅಕ್ಷರವನ್ನು ಅಲ್ಲೇ ಅನುವಾದಿಸಿ ತೋರಿಸುವ ಗೂಗಲ್ ಲೆನ್ಸ್ ಕೂಡ.

20 ಮಿಲಿಸೆಕೆಂಡಿನ ಆಟ

ಈಗ ಸ್ವಲ್ಪ ಒಳಗೆ ಇಣುಕೋಣ. ನೀವು ತಲೆ ತಿರುಗಿಸಿದ ಕ್ಷಣಕ್ಕೂ ಕಣ್ಣೆದುರಿನ ಚಿತ್ರ ಬದಲಾಗುವ ಕ್ಷಣಕ್ಕೂ ನಡುವೆ ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಹೋಗಬಾರದು ಅನ್ನೋದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಗುರಿ. ಹೋದರೆ? ಕಿವಿಯೊಳಗಿನ ಸಮತೋಲನದ ಅಂಗ "ತಿರುಗಿದೆ" ಅನ್ನುತ್ತೆ, ಕಣ್ಣು "ಇನ್ನೂ ಇಲ್ಲ" ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳೆಸುತ್ತೆ. ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಲು ಹೋದವರಿಗೆ ಈ ಜಗಳದ ಪರಿಚಯ ಚೆನ್ನಾಗಿಯೇ ಇರುತ್ತೆ.

ಅಷ್ಟು ಬೇಗ ಚಿತ್ರ ಬದಲಾಗಬೇಕಾದರೆ ಅಳತೆ ಅದಕ್ಕಿಂತ ಬೇಗ ಆಗಬೇಕು. ಅದಕ್ಕೇ ಹೆಡ್‌ಸೆಟ್ ಒಳಗಿನ ಜೈರೋಸ್ಕೋಪ್ ಮತ್ತು ಆಕ್ಸಿಲರೋಮೀಟರ್‌ಗಳು ಸೆಕೆಂಡಿಗೆ ನೂರಾರು ಸಲ ನಿಮ್ಮ ತಲೆಯ ಚಲನೆ ದಾಖಲಿಸುತ್ತವೆ. ಹೊರಗಡೆಯ ಕ್ಯಾಮೆರಾಗಳು ಗೋಡೆ, ಮೇಜು, ಬಾಗಿಲು ಎಲ್ಲಿವೆ ಅಂತ ನಿಮ್ಮ ಕೋಣೆಯ ನಕ್ಷೆ ಬರೆಯುತ್ತವೆ. ಇನ್ನು ಕೆಲವು ನಿಮ್ಮ ಕೈ ಬೆರಳುಗಳನ್ನು ಗಮನಿಸುತ್ತವೆ. ದುಬಾರಿ ಹೆಡ್‌ಸೆಟ್‌ಗಳಲ್ಲಿ ಒಳಗಡೆ ಇನ್‌ಫ್ರಾರೆಡ್ ಕ್ಯಾಮೆರಾಗಳಿದ್ದು ಕಣ್ಣಿನ ಪಾಪೆ ಯಾವ ಕಡೆ ಹೊರಳಿತು ಅಂತ ನೋಡುತ್ತವೆ. ಇದಕ್ಕೂ ಕಾರಣ ಇದೆ. ನಮ್ಮ ಕಣ್ಣಿಗೆ ಬಹಳ ಸ್ಪಷ್ಟವಾಗಿ ಕಾಣೋದು ನೋಟದ ಮಧ್ಯದ ಒಂದು ಸಣ್ಣ ಭಾಗ ಮಾತ್ರ. ಕಣ್ಣು ಎಲ್ಲಿ ನೆಟ್ಟಿದೆ ಅಂತ ಗೊತ್ತಾದರೆ ಅಲ್ಲಿ ಮಾತ್ರ ಚೆನ್ನಾಗಿ ಚಿತ್ರ ಬರೆದು, ಉಳಿದ ಕಡೆ ಕೈ ತೇಲಿಸಬಹುದು. ಪ್ರೊಸೆಸರಿಗೆ ಅರ್ಧ ಕೆಲಸ ಉಳಿಯಿತು!

2024ರಲ್ಲಿ 3,499 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊ ತಗೊಳ್ಳಿ. ಕಂಪನಿಯೇ ಹೇಳಿಕೊಂಡ ಹಾಗೆ ಅದರಲ್ಲಿ ಹನ್ನೆರಡು ಕ್ಯಾಮೆರಾ, ಐದು ಸೆನ್ಸರ್, ಆರು ಮೈಕ್ರೋಫೋನ್. ನಿಮ್ಮ ಕಣ್ಣಿಗೆ ತೋರಿಸೋಕೆ ಇರೋದು ಎರಡು ಪರದೆ. ನೋಡೋಕೆ ಕೇಳೋಕೆ ಇರೋದು ಇಪ್ಪತ್ತಮೂರು! ನಾವು ಅದನ್ನು "ನೋಡುವ ಯಂತ್ರ" ಅಂತ ಕೊಂಡುಕೊಳ್ತೀವಿ. ಭಾಗಗಳನ್ನು ಎಣಿಸಿದರೆ ಅದು ಹೆಚ್ಚಾಗಿ ನಮ್ಮನ್ನು ನೋಡುವ ಯಂತ್ರ.

ಮಯಸಭೆಯ ಕಥೆ ನಮಗೆಲ್ಲ ಗೊತ್ತು. ನೆಲ ಅಂದುಕೊಂಡು ದುರ್ಯೋಧನ ನೀರಿಗೆ ಬಿದ್ದ. ವಿಆರ್ ಬಗ್ಗೆ ಬರೆಯುವವರು ಈ ಉದಾಹರಣೆ ಕೊಟ್ಟು "ನೋಡಿ, ನಮ್ಮವರು ಆಗಲೇ.." ಅಂತ ಶುರು ಮಾಡೋದುಂಟು. ಆದರೆ ಆ ಕಥೆಯ ಮುಖ್ಯ ಸಂಗತಿ ಬಿದ್ದದ್ದಲ್ಲ. ಬಿದ್ದಾಗ ನೋಡುತ್ತಿದ್ದವರು ನಕ್ಕರು, ಆ ನಗು ಅವನ ಮನಸ್ಸಿನಲ್ಲಿ ಉಳಿಯಿತು. ಯಾರೂ ನೋಡದೇ ಇದ್ದಿದ್ದರೆ ಒದ್ದೆ ಬಟ್ಟೆ ಬದಲಿಸಿಕೊಂಡು ಸುಮ್ಮನಿರುತ್ತಿದ್ದನೋ ಏನೋ!

ನಡಿಗೆಯಲ್ಲೇ ಗುರುತು

"ತಲೆ ತಿರುಗಿಸಿದ್ದು, ಕೈ ಆಡಿಸಿದ್ದು ಗೊತ್ತಾದರೆ ಏನಂತೆ? ಅದರಲ್ಲಿ ಏನಿದೆ ಗುಟ್ಟು?" ಅನ್ನಬಹುದು ನೀವು. ಊರ ಕಡೆ ಗದ್ದೆಯ ಬದುವಿನ ಮೇಲೆ ದೂರದಲ್ಲಿ ಯಾರಾದರೂ ಬರುತ್ತಿದ್ದರೆ, ಮುಖ ಕಾಣುವ ಮೊದಲೇ ನಡಿಗೆ ನೋಡಿ "ಅಗೋ, ಇಂಥವರು ಬಂದರು" ಅಂತ ಹೇಳುತ್ತಾರಲ್ಲ? ಕಂಪ್ಯೂಟರಿಗೂ ಈ ವಿದ್ಯೆ ಬಂದುಬಿಟ್ಟಿದೆ.

2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 511 ಜನರಿಗೆ ವಿಆರ್‌ನಲ್ಲಿ 360 ಡಿಗ್ರಿ ವಿಡಿಯೋಗಳನ್ನು ತೋರಿಸಿದರು. ಅವರ ತಲೆ ಮತ್ತು ಕೈಗಳ ಚಲನೆಯನ್ನು ದಾಖಲಿಸಿಕೊಂಡರು. ಐದು ನಿಮಿಷಕ್ಕಿಂತ ಕಡಿಮೆ ಮಾಹಿತಿಯಿಂದಲೇ ಅವರ ಪ್ರೋಗ್ರಾಮು ಶೇ. 95ರಷ್ಟು ನಿಖರವಾಗಿ ಯಾರು ಯಾರು ಅಂತ ಗುರುತು ಹಿಡಿಯಿತು. ಗಮನಿಸಿ, ಹೆಸರಿಲ್ಲ, ಮುಖದ ಫೋಟೋ ಇಲ್ಲ, ಬೆರಳಚ್ಚಿಲ್ಲ. 2023ರಲ್ಲಿ ಬರ್ಕ್‌ಲಿಯವರು ಇನ್ನೂ ದೊಡ್ಡ ಪ್ರಯೋಗ ಮಾಡಿದರು. ಬೀಟ್ ಸೇಬರ್ ಎಂಬ ಆಟ ಆಡುವ ಐವತ್ತು ಸಾವಿರಕ್ಕೂ ಹೆಚ್ಚು ಜನರ ಚಲನೆಯ ದಾಖಲೆಗಳಲ್ಲಿ, ಬರೀ ನೂರು ಸೆಕೆಂಡಿನ ತುಣುಕು ಕೊಟ್ಟರೆ ಅದು ಯಾರದ್ದು ಅಂತ ಶೇ. 94ರಷ್ಟು ಸರಿಯಾಗಿ ಹೇಳಲು ಸಾಧ್ಯವಾಯಿತು.

ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಕಾರ್ಡ್ ಕಳುವಾದರೆ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಬಹುದು. ತಲೆ ತಿರುಗಿಸುವ ರೀತಿಯನ್ನು ಹೇಗೆ ಬದಲಾಯಿಸೋದು?

ಇಲ್ಲೊಂದು ಆಕ್ಷೇಪ ಬಂದೇ ಬರುತ್ತೆ. "ನಮ್ಮ ಫೋನಿಗೆ ಈಗಾಗಲೇ ಎಲ್ಲಾ ಗೊತ್ತು. ಎಲ್ಲಿಗೆ ಹೋದೆ, ಏನು ತಗೊಂಡೆ, ಯಾರ ಜೊತೆ ಮಾತಾಡಿದೆ.. ಇದೊಂದು ಗೊತ್ತಾದರೆ ಹೆಚ್ಚೇನು?" ಅಂತ. ವ್ಯತ್ಯಾಸ ಇದೆ. ಫೋನಿಗೆ ಗೊತ್ತಾಗೋದು ಹೆಚ್ಚಾಗಿ ನಾವು ಮಾಡಿದ್ದು. ಒತ್ತಿದ ಬಟನ್, ಹುಡುಕಿದ ಪದ, ಹೋದ ಜಾಗ. ಕಣ್ಣು ಹಾಗಲ್ಲ, ಅದು ನಮ್ಮ ಅಪ್ಪಣೆ ಕೇಳಿ ಹೊರಳೋದಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಿ "ಬೇಡ ಬಿಡಿ" ಅಂತ ಬಾಯಲ್ಲಿ ಹೇಳಿದರೂ ಕಣ್ಣು ಆ ಸೀರೆಯ ಮೇಲೇ ನಿಂತಿರುತ್ತೆ. ಅನುಭವಸ್ಥ ಅಂಗಡಿಯವನು ಅದನ್ನು ನೋಡಿಯೇ ವ್ಯಾಪಾರ ಕುದುರಿಸುತ್ತಾನೆ. ಆ ಅಂಗಡಿಯವನು ನಿಮ್ಮ ಕಣ್ಣಿಗೇ ಅಂಟಿಕೊಂಡು ದಿನವೆಲ್ಲಾ ಕೂತಿದ್ದರೆ ಹೇಗಿರುತ್ತೆ, ಯೋಚಿಸಿ.

ಹಾಗಂತ ಬೇಡವೇ ಬೇಡವೇ?

ಖಂಡಿತಾ ಬೇಕು. ತಂತ್ರಜ್ಞಾನ ಕಂಡರೆ ಹೆದರುವ ಜಾತಿ ನಾನಲ್ಲ, ಅನ್ನ ಹಾಕುತ್ತಿರೋದೇ ಅದು. ಎತ್ತರದ ಭಯ ಇರುವವರಿಗೆ ವಿಆರ್ ಮೂಲಕ ಚಿಕಿತ್ಸೆ ಕೊಡುವ ಪ್ರಯೋಗದ ಫಲಿತಾಂಶವನ್ನು ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲೇ ಪ್ರಕಟಿಸಿದರು. ನಿಜವಾದ ಸೇತುವೆ ಹತ್ತಿಸುವ ಬದಲು ಕೃತಕ ಸೇತುವೆ. ಭಯ ಹೆಚ್ಚಾದರೆ ತಕ್ಷಣ ನಿಲ್ಲಿಸಬಹುದು. ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಅವರ 'ಸ್ನೋವರ್ಲ್ಡ್'. ಸುಟ್ಟ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವಾಗ ಆಗುವ ನೋವು ಅನುಭವಿಸಿದವರಿಗೇ ಗೊತ್ತು. ಆ ಹೊತ್ತಿನಲ್ಲಿ ರೋಗಿ ವಿಆರ್‌ನಲ್ಲಿ ಹಿಮದ ಕಣಿವೆಯಲ್ಲಿ ತೇಲುತ್ತಾ ಹಿಮಮಾನವರ ಮೇಲೆ, ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೆಯುತ್ತಾನೆ. ಗಮನ ಅತ್ತ ಹೋದಷ್ಟೂ ನೋವು ಕಡಿಮೆ ಅನ್ನಿಸುತ್ತೆ.

ಅಲ್ಲಿಯೂ ಅಳತೆ ನಡೆಯುತ್ತೆ. ಆದರೆ ಯಾಕೆ ಅಳೆಯುತ್ತಿದ್ದಾರೆ ಅಂತ ರೋಗಿಗೆ ಗೊತ್ತು. ಆ ಚಿಕಿತ್ಸೆ ನಿಂತಿರೋದು ರೋಗಿಯ ಕಣ್ಣಿನ ಹಿಂದೆ ಬಿದ್ದು ಜಾಹೀರಾತು ಮಾರೋದರ ಮೇಲೆ ಅಲ್ಲ. ನನ್ನ ತಕರಾರು ಅಳತೆಯ ಬಗ್ಗೆ ಅಲ್ಲವೇ ಅಲ್ಲ, ಆ 20 ಮಿಲಿಸೆಕೆಂಡಿನ ಕೆಲಸ ಮುಗಿದ ಮೇಲೂ ಅಳತೆ ಉಳಿದುಕೊಳ್ಳೋದರ ಬಗ್ಗೆ.

ಇದು ಯಾಕೆ ಉಳಿದುಕೊಳ್ಳುತ್ತೆ ಅನ್ನೋದು ಸಾಫ್ಟ್‌ವೇರ್ ಬರೆಯುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಬಹಳ ಸಲ ಅದರ ಹಿಂದೆ ದುರುದ್ದೇಶವೇನೂ ಇರೋದಿಲ್ಲ. ಡೇಟಾ ಕೈಗೆ ಬಂದಿದೆ, ಸ್ಟೋರೇಜ್ ಅಗ್ಗ, "ಇರಲಿ, ಮುಂದೆ ಬೇಕಾಗಬಹುದು" ಅಂತ ಲಾಗ್ ಮಾಡಿ ಇಡ್ತೀವಿ. ಅಟ್ಟದ ಮೇಲೆ ಹಳೇ ಡಬ್ಬಿ ಇಟ್ಟ ಹಾಗೆ. ಒಂದು ದಿನ ಯಾರೋ ಬಂದು "ಈ ಡೇಟಾದಿಂದ ಇನ್ನೇನು ಮಾಡಬಹುದು?" ಅಂತ ಕೇಳ್ತಾರೆ. ಅಲ್ಲಿಂದ ಶುರು.

ಪಕ್ಕದವರ ಪಾಡು

ಹೆಡ್‌ಸೆಟ್ ಹಾಕಿಕೊಂಡವನು ಕಡೇಪಕ್ಷ 'ಐ ಅಗ್ರೀ' ಅಂತ ಒತ್ತಿರುತ್ತಾನೆ (ಓದಿರೋದಿಲ್ಲ, ಆ ಮಾತು ಬೇರೆ). ಎಆರ್ ಕನ್ನಡಕಗಳ ವಿಷಯದಲ್ಲಿ ಎದುರಿಗೆ ಕೂತವರನ್ನು ಯಾರೂ ಕೇಳೋದೇ ಇಲ್ಲ. 2013ರಲ್ಲಿ ಗೂಗಲ್ ಗ್ಲಾಸ್ ಬಂದಾಗ ಜನ ಮುಖ ಸಿಂಡರಿಸಿದ್ದಕ್ಕೆ ಒಂದು ದೊಡ್ಡ ಕಾರಣ ಅದರಲ್ಲಿದ್ದ ಕ್ಯಾಮೆರಾ. ಈಗಿನವು ನೋಡಲು ಮಾಮೂಲಿ ತಂಪು ಕನ್ನಡಕದ ಹಾಗೇ ಇವೆ. ಮೆಟಾ ಕಂಪನಿ ರೇ-ಬ್ಯಾನ್ ಜೊತೆ ಸೇರಿ ಮಾಡಿದ ಕನ್ನಡಕ ಭಾರತದ ಮಾರುಕಟ್ಟೆಗೆ 2025ರಲ್ಲಿ ಬಂತು. ರೆಕಾರ್ಡ್ ಆಗುವಾಗ ಒಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತೆ, ನಿಜ. ಮಧ್ಯಾಹ್ನದ ಬಿಸಿಲಲ್ಲಿ, ಜನಜಂಗುಳಿಯ ಮಾರ್ಕೆಟ್ಟಿನಲ್ಲಿ ಆ ದೀಪವನ್ನು ಎಷ್ಟು ಜನ ಗಮನಿಸುತ್ತಾರೆ? 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇಂಥದೇ ಕನ್ನಡಕವನ್ನು ಮುಖ ಗುರುತಿಸುವ ಜಾಲತಾಣಕ್ಕೆ ಜೋಡಿಸಿ, ದಾರಿಯಲ್ಲಿ ಎದುರಾದ ಅಪರಿಚಿತರ ಹೆಸರು, ವಿವರಗಳನ್ನು ಹುಡುಕಿ ತೆಗೆಯಬಹುದು ಅಂತ ಮಾಡಿ ತೋರಿಸಿದರು. ಅವರ ಉದ್ದೇಶ ಎಚ್ಚರಿಸುವುದಾಗಿತ್ತು, ಪ್ರೋಗ್ರಾಮನ್ನು ಬಿಡುಗಡೆ ಮಾಡಲಿಲ್ಲ. ಎಲ್ಲರೂ ಅಷ್ಟೇ ಸಭ್ಯರಾಗಿರುತ್ತಾರೆ ಅನ್ನುವ ಧೈರ್ಯ ನನಗಿಲ್ಲ.

ಕೇಳಿದರೆ ಬದಲಾಗುತ್ತೆ

"ದೊಡ್ಡ ಕಂಪನಿಗಳ ಮುಂದೆ ನಮ್ಮದೇನು ನಡೆಯುತ್ತೆ" ಅಂತ ಕೈಚೆಲ್ಲುವವರಿಗೆ ಒಂದು ಉದಾಹರಣೆ. ಫೇಸ್‌ಬುಕ್ 2014ರಲ್ಲಿ ಆಕ್ಯುಲಸ್ ಎಂಬ ಹೆಡ್‌ಸೆಟ್ ಕಂಪನಿಯನ್ನು ಕೊಂಡಿತು. 2020ರ ಅಕ್ಟೋಬರಿನಿಂದ ಹೊಸಬರು ಹೆಡ್‌ಸೆಟ್ ಬಳಸಬೇಕಾದರೆ ಫೇಸ್‌ಬುಕ್ ಖಾತೆ ಕಡ್ಡಾಯ ಎಂದಿತು. ಜರ್ಮನಿಯಲ್ಲಿ ಇದಕ್ಕೆ ಕಾನೂನಿನ ತೊಡಕು ಎದುರಾಗಿ ಮಾರಾಟವೇ ನಿಂತಿತು. ಅಲ್ಲಿನ ಸ್ಪರ್ಧಾ ನಿಯಂತ್ರಣ ಇಲಾಖೆ ಆ ವರ್ಷ ಡಿಸೆಂಬರಿನಲ್ಲಿ ವಿಚಾರಣೆ ಶುರುಮಾಡಿತು. ಬಳಕೆದಾರರೂ ಗೊಣಗಿದರು. ಕೊನೆಗೆ 2022ರಲ್ಲಿ ಫೇಸ್‌ಬುಕ್ ಖಾತೆ ಇಲ್ಲದೆಯೂ ಬಳಸುವ ಹಾಗೆ ಬದಲಾಯಿತು. ಒಂದು ದೇಶ ಗಟ್ಟಿಯಾಗಿ ಕೇಳಿದ್ದರ ಲಾಭ ಎಲ್ಲರಿಗೂ ಸಿಕ್ಕಿತು.

ತಂತ್ರಜ್ಞಾನದ ಕಡೆಯಿಂದಲೂ ಇದು ಅಸಾಧ್ಯವಲ್ಲ. ವಿಷನ್ ಪ್ರೊನಲ್ಲಿ ನೀವು ಎಲ್ಲಿ ನೋಡುತ್ತಿದ್ದೀರಿ ಅನ್ನುವ ಮಾಹಿತಿ ಆಪ್‌ಗಳಿಗೆ ಸಿಗೋದಿಲ್ಲ, ಬೆರಳು ತಟ್ಟಿ ಆಯ್ಕೆ ಮಾಡಿದ್ದು ಮಾತ್ರ ಅವಕ್ಕೆ ತಲುಪುತ್ತೆ ಅಂತ ಆಪಲ್ ಹೇಳಿದೆ. ಹಾಗೆ ಕಟ್ಟಬೇಕು ಅಂತ ಮನಸ್ಸು ಮಾಡಿದರೆ ಕಟ್ಟಬಹುದು ಅಂತಾಯಿತು.

ಇನ್ನೊಂದು ಉದಾಹರಣೆ ನಮ್ಮಲ್ಲೇ ಇದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ 'ಪ್ಲೇಸ್-ಹಂಪಿ' ಎಂಬ ದೃಶ್ಯ ಪ್ರದರ್ಶನ ರೂಪಿಸಿದರು. ಮುಂದೆ ಅದನ್ನು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಇರುವ ಕಲಾಧಾಮದಲ್ಲಿ ಸ್ಥಾಪಿಸಲಾಯಿತು. ಸುತ್ತಲೂ ದುಂಡಗಿನ ದೊಡ್ಡ ಪರದೆ, ಮಧ್ಯದಲ್ಲಿ ತಿರುಗುವ ವೇದಿಕೆ, ಕಣ್ಣಿಗೊಂದು ತ್ರೀಡಿ ಕನ್ನಡಕ. ನಾಲ್ಕಾರು ಜನ ಒಟ್ಟಿಗೇ ನಿಂತು ಹಂಪಿಯೊಳಗೆ ಇಳಿಯಬಹುದು. ನಿಮ್ಮ ಕಣ್ಣಿನ ಪಾಪೆ ಎಲ್ಲಿ ಹೊರಳಿತು ಅಂತ ಆ ಕನ್ನಡಕ ಲೆಕ್ಕ ಇಡೋದಿಲ್ಲ. ಮುಳುಗಿಸುವ ಅನುಭವಕ್ಕೂ ನಮ್ಮ ಲೆಕ್ಕ ಬರೆದಿಡೋದಕ್ಕೂ ಗಂಟು ಹಾಕಲೇಬೇಕು ಅಂತೇನಿಲ್ಲ.

ಇದು ಅಮೆರಿಕದವರ ತಲೆನೋವು, ನಮಗ್ಯಾಕೆ ಅನ್ನುವ ಹಾಗೂ ಇಲ್ಲ. ಅನಿಮೇಷನ್, ಗೇಮಿಂಗ್ ಜೊತೆಗೆ ಎಕ್ಸ್‌ಆರ್ ಅನ್ನೂ ಸೇರಿಸಿ ಕರ್ನಾಟಕ ಸರ್ಕಾರ 2024ರಿಂದ 2029ರ ಅವಧಿಗೆ ಒಂದು ನೀತಿಯನ್ನೇ ತಂದಿದೆ. ಅಂದರೆ ಈ ಕೋಡಿನ ಒಂದಷ್ಟು ಭಾಗವನ್ನು ಬರೆಯುವವರು ನಾವೇ. ಕೇಂದ್ರದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಪಾಸಾಯಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿ ಹಂತ ಹಂತವಾಗಿ. ಹದಿನೆಂಟು ವರ್ಷದೊಳಗಿನ ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ನಿಗಾ ಇಡಬಾರದು ಅನ್ನುವ ಮಾತು ಆ ಕಾಯಿದೆಯಲ್ಲಿದೆ, ಕೆಲವು ವಿನಾಯಿತಿಗಳೂ ಇವೆ. ಶಾಲೆಗೆ ವಿಆರ್ ಲ್ಯಾಬ್ ಬರುತ್ತಿದೆ ಅಂದರೆ ಖುಷಿಪಡೋಣ. ಜೊತೆಗೇ ಮಕ್ಕಳ ಚಲನೆಯ ದಾಖಲೆ ಎಲ್ಲಿ ಹೋಗುತ್ತೆ ಅಂತ ಪೋಷಕರ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ.

ಹಾಗಾದರೆ ಅಂಗಡಿಗೆ ಹೋದಾಗ ಏನು ಕೇಳಬೇಕು? ನನ್ನ ಪಟ್ಟಿ ಇದು:

- ಖಾತೆ ಇಲ್ಲದೆ, ಅಥವಾ ಬೇರೆಲ್ಲೂ ಬಳಸದ ಪ್ರತ್ಯೇಕ ಖಾತೆಯಿಂದ ಇದನ್ನು ಬಳಸಬಹುದೇ?
- ಕಣ್ಣು, ಕೈ, ಕೋಣೆಯ ಅಳತೆಗಳು ಸಾಧನದೊಳಗೇ ಮುಗಿಯುತ್ತವೋ, ಸರ್ವರಿಗೆ ಹೋಗುತ್ತವೋ?
- ಪ್ರತಿ ಆಪ್‌ಗೂ ಇವನ್ನು ಬೇರೆ ಬೇರೆಯಾಗಿ "ಕೊಡೋಲ್ಲ" ಅನ್ನಲು ಆಗುತ್ತದೆಯೇ?
- ಇಲ್ಲಿಯವರೆಗೆ ಉಳಿದಿರುವುದನ್ನು ಅಳಿಸುವ ದಾರಿ ಎಲ್ಲಿದೆ?

ಅಂಗಡಿಯ ಹುಡುಗನಿಗೆ ಉತ್ತರ ಗೊತ್ತಿಲ್ಲದಿರಬಹುದು. ಪರವಾಗಿಲ್ಲ, ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅವನು ತಿಳಿದುಕೊಂಡಿರುತ್ತಾನೆ. ಇನ್ನು ನನ್ನಂತೆ ಕೋಡ್ ಬರೆಯುವ ಗೆಳೆಯರಿಗೆ ಒಂದೇ ಮಾತು. ಮುಂದಿನ ಸಲ ತಲೆಯ ಚಲನೆಯನ್ನೋ ಕಣ್ಣಿನ ನೋಟವನ್ನೋ ಲಾಗ್ ಮಾಡುವ ಸಾಲು ಬರೆಯುವಾಗ, ಕೆಳಗೆ ಅದನ್ನು ಅಳಿಸುವ ಸಾಲನ್ನೂ ಅವತ್ತೇ ಬರೆದುಬಿಡಿ. ನಾಳೆ ಬರೆಯೋಣ ಅಂದದ್ದನ್ನು ನಾವು ಯಾರೂ ಬರೆಯೋದಿಲ್ಲ ಅನ್ನೋದು ನಮಗೆಲ್ಲ ಗೊತ್ತಿರೋದೇ!